ಆತಂಕವೋ, ಖಿನ್ನತೆಯೋ? ರೋಗನಿರ್ಣಯ ಮಾಡುವಾಗ ಎರಡನ್ನೂ ಬೇರ್ಪಡಿಸುವ ಬಗೆ

ನಿದ್ದೆ ಸರಿಯಾಗಿ ಬರುವುದಿಲ್ಲ. ಯಾವಾಗಲೂ ಸುಸ್ತು. ಕೆಲಸದಲ್ಲಿ ಗಮನ ನಿಲ್ಲುವುದಿಲ್ಲ. ಸಣ್ಣಪುಟ್ಟದಕ್ಕೂ ಸಿಟ್ಟು. ಎದುರಿಗೆ ಕುಳಿತವರು ಇಷ್ಟು ಹೇಳಿದರೆ ಅವರಿಗಿರುವುದು ಆತಂಕದ ಕಾಯಿಲೆಯೋ, ಖಿನ್ನತೆಯೋ? ಇಷ್ಟರ ಮೇಲೆ ಯಾರೂ ಹೇಳಲಾರರು. ಈ ನಾಲ್ಕೂ ತೊಂದರೆಗಳು ಎರಡರಲ್ಲೂ ಇರುತ್ತವೆ.

ಈ ಬರಹ ಮನೋವೈದ್ಯಕೀಯ ಕಲಿಯುತ್ತಿರುವವರಿಗೆ, ಮನಸ್ಸಿನ ತೊಂದರೆ ಇರುವವರನ್ನು ದಿನವೂ ನೋಡುವ ಸಾಮಾನ್ಯ ವೈದ್ಯರಿಗೆ, ಆಪ್ತಸಮಾಲೋಚಕರಿಗೆ. ತಮಗೇ ತೊಂದರೆ ಇದೆ ಅನ್ನಿಸಿದವರೂ ಧಾರಾಳವಾಗಿ ಓದಿ. ಆದರೆ ಓದಿ ನೀವೇ ಒಂದು ಹೆಸರು ಇಟ್ಟುಕೊಳ್ಳಬೇಡಿ. ವೈದ್ಯರ ಮುಂದೆ ಏನೇನು ಹೇಳಬೇಕು ಅಂತ ಗುರುತು ಮಾಡಿಕೊಳ್ಳಲು ಬಳಸಿ.

ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಲಕ್ಷಣಗಳನ್ನು ಎಣಿಸುವ ಕೆಲಸ ಕೊನೆಗಿರಲಿ. ಮೊದಲು ಕಾಲಕ್ರಮ ಹಿಡಿಯಿರಿ. ಯಾವುದು ಮೊದಲು ಬಂತು? ಇನ್ನೊಂದು ಇಲ್ಲದಾಗಲೂ ಯಾವುದು ಇತ್ತು? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

"ಎರಡಕ್ಕೂ ಅದೇ ಮಾತ್ರೆ ಕೊಡ್ತೀರಲ್ಲ, ಬೇರ್ಪಡಿಸಿ ಏನು ಮಾಡಬೇಕು?" ಎಂದು ಕೇಳುವವರಿದ್ದಾರೆ. ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು (ಖಿನ್ನತೆಗೆ ಕೊಡುವ ಮಾತ್ರೆಗಳ ಒಂದು ಬಗೆ) ಎರಡಕ್ಕೂ ಕೆಲಸ ಮಾಡುತ್ತವೆ, ನಿಜ. ಆದರೆ ಚಿಕಿತ್ಸೆ ಅಂದರೆ ಮಾತ್ರೆ ಒಂದೇ ಅಲ್ಲವಲ್ಲ. ಆತಂಕ ಇರುವವರು ತಾವು ಹೆದರುವ ಸಂಗತಿಯನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವುದನ್ನು ಕಲಿಯಬೇಕು. ಖಿನ್ನತೆ ಇರುವವರು ಬಿಟ್ಟುಹೋದ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಬೇಕು. ಖಿನ್ನತೆಯನ್ನು ಬರೀ ಆತಂಕ ಅಂದುಕೊಂಡು, ಗಾಬರಿ ತಗ್ಗಿಸಿ ನಿದ್ದೆ ತರಿಸುವ ಬೆಂಜೊಡಯಜೆಪೈನ್ ಮಾತ್ರೆ ಕೊಟ್ಟು ಕಳಿಸಿದರೆ ಎರಡು ದಿನ ಹಾಯೆನಿಸುತ್ತದೆ, ಒಳಗಿನ ಕಾಯಿಲೆ ಹಾಗೇ ಉಳಿಯುತ್ತದೆ. ಅದರ ಮೇಲೆ ಮಾತ್ರೆಯ ಅಭ್ಯಾಸ ಬೇರೆ.

ಹಂತ 1: ಮೊದಲು ಜೀವದ ಮಾತು

ರೋಗದ ಹೆಸರು ಆಮೇಲೆ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅನ್ನುವ ಭಯ ಬೇಡ, ಹಾಗೆ ಆಗುವುದಿಲ್ಲ. ಹೆಚ್ಚಿನವರಿಗೆ ಕೊನೆಗೂ ಯಾರೋ ಕೇಳಿದರಲ್ಲ ಅಂತ ಸಮಾಧಾನವೇ ಆಗುತ್ತದೆ.

ಮೆಲ್ಲಗೆ ಶುರು ಮಾಡಬಹುದು: "ಬದುಕಿದ್ದು ಏನು ಪ್ರಯೋಜನ ಅಂತ ಅನ್ನಿಸುತ್ತಾ?" ಹೌದು ಅಂದರೆ ಮುಂದಿನದು: "ಸತ್ತುಹೋಗಬೇಕು ಅಂತ ಯೋಚನೆ ಬಂದಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ? ಅದಕ್ಕೆ ಏನಾದರೂ ತಯಾರಿ ಮಾಡಿಕೊಂಡಿದ್ದೀರಾ? ಹಿಂದೆ ಪ್ರಯತ್ನ ಮಾಡಿದ್ದಿದೆಯಾ?" ಈ ಪ್ರಶ್ನೆಗಳನ್ನು "ಇವರಿಗೆ ಬರೀ ಟೆನ್ಶನ್" ಅನ್ನಿಸಿದವರಿಗೂ ಕೇಳಬೇಕು. ಖಿನ್ನತೆಯ ಜೊತೆ ತೀವ್ರ ಕಳವಳವೂ ಸೇರಿದರೆ ಅಪಾಯ ಜಾಸ್ತಿ. ಕೂತಲ್ಲಿ ಕೂರಲಾಗದ ಚಡಪಡಿಕೆ, ರಾತ್ರಿಯೆಲ್ಲ ನಿದ್ದೆ ಇಲ್ಲ, ಮುಂದೆ ಏನೂ ಉಳಿದಿಲ್ಲ ಅನ್ನುವ ಮಾತು: ಈ ಮೂರೂ ಒಟ್ಟಿಗೆ ಕಂಡರೆ ಅವರನ್ನು ಒಬ್ಬರನ್ನೇ ಮನೆಗೆ ಕಳಿಸಬೇಡಿ. ಅವತ್ತೇ ಮನೋವೈದ್ಯರು ನೋಡುವ ವ್ಯವಸ್ಥೆ ಆಗಬೇಕು.

ಹಂತ 2: ದೇಹದ ಕಾಯಿಲೆ, ಔಷಧ, ಕುಡಿತ

ಥೈರಾಯ್ಡ್ ಹೆಚ್ಚಾದರೆ ಎದೆ ಡವಡವ, ಕೈ ನಡುಕ, ಬೆವರು. ಥೇಟ್ ಆತಂಕದ ಹಾಗೆ. ಕಡಿಮೆಯಾದರೆ ಮಂಕು, ಸುಸ್ತು, ತೂಕ ಏರುವುದು. ಖಿನ್ನತೆಯ ಹಾಗೆ. ರಕ್ತಹೀನತೆ, ವಿಟಮಿನ್ ಬಿ12 ಕೊರತೆ, ಹೃದಯದ ಲಯ ತಪ್ಪುವುದು, ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಇಳಿಯುವುದು, ಇವೂ ವೇಷ ಹಾಕಿಕೊಂಡು ಬರುತ್ತವೆ. ಅದಕ್ಕೇ ದೇಹ ಪರೀಕ್ಷೆ, ಥೈರಾಯ್ಡ್ ತಿಳಿಸುವ ರಕ್ತಪರೀಕ್ಷೆ ಟಿಎಸ್‌ಎಚ್, ಹಿಮೋಗ್ಲೋಬಿನ್, ಬೇಕಿದ್ದರೆ ಇಸಿಜಿ.

ಔಷಧದ ಚೀಟಿಯನ್ನೂ ನೋಡಿ. ಸ್ಟೀರಾಯ್ಡ್‌ನಿಂದ ಮನಸ್ಸು ಎರಡೂ ಕಡೆ ಏರುಪೇರಾಗಬಹುದು. ಉಬ್ಬಸದ ಇನ್‌ಹೇಲರ್ ಎದೆಬಡಿತ ಹೆಚ್ಚಿಸಬಹುದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಭ್ರಮೆ ತರುವ ಕಾಯಿಲೆಯಾದ ಸೈಕೋಸಿಸ್‌ಗೆ ಕೊಡುವ ಕೆಲವು ಮಾತ್ರೆಗಳು ಕಾಲು ಒಂದೆಡೆ ನಿಲ್ಲದ ಚಡಪಡಿಕೆ ತರುತ್ತವೆ. ಅದನ್ನು ಆತಂಕ ಅಂದುಕೊಂಡು ಅದೇ ಮಾತ್ರೆಯನ್ನು ಇನ್ನೂ ಏರಿಸಿದರೆ ಪಾಪ, ಅವರ ಪಾಡು ಹೇಳತೀರದು.

ಕುಡಿತದ ವಿಷಯ ಬೈಯುವ ದನಿಯಲ್ಲಿ ಕೇಳಿದರೆ ನಿಜ ಹೊರಬರುವುದಿಲ್ಲ. ಬೆಳಗ್ಗೆ ಎದ್ದಾಗ ನಡುಕ, ಗಾಬರಿ, ಬೆವರು ಇದ್ದು, ಕುಡಿದ ಮೇಲೆ ಕಡಿಮೆಯಾಗುತ್ತದೆ ಅಂದರೆ ಅದು ಮದ್ಯ ಇಳಿಯುವಾಗಿನ ತೊಂದರೆ ಇರಬಹುದು. ಅಂಥವರು ದಿಢೀರನೆ ಕುಡಿತ ನಿಲ್ಲಿಸುವುದು ಅಪಾಯ, ವೈದ್ಯರ ನಿಗಾದಲ್ಲೇ ನಿಲ್ಲಿಸಬೇಕು. ಬಿಟ್ಟು ಸುಮಾರು ಒಂದು ತಿಂಗಳಾದ ಮೇಲೂ ಮನಸ್ಸಿನ ಲಕ್ಷಣ ಉಳಿದರೆ ಆಗ ಅದನ್ನು ಬೇರೆಯದೇ ಕಾಯಿಲೆ ಎಂದು ನೋಡಬಹುದು.

ಹಂತ 3: ನಿನ್ನೆಯ ದಿನವನ್ನು ಬಿಡಿಸಿ ಕೇಳಿ

"ಬೇಜಾರಾ? ಭಯನಾ?" ಎಂದು ಕೇಳಿದರೆ ಬಹಳ ಜನ ಎರಡಕ್ಕೂ ಹೌದು ಅನ್ನುತ್ತಾರೆ. ಆ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ಅದರ ಬದಲು, "ನಿನ್ನೆ ಬೆಳಗ್ಗೆ ಎಷ್ಟು ಹೊತ್ತಿಗೆ ಎಚ್ಚರ ಆಯಿತು? ಕಣ್ಣು ಬಿಟ್ಟ ತಕ್ಷಣ ಮನಸ್ಸಿನಲ್ಲಿ ಏನಿತ್ತು? ಆಮೇಲೆ ಏನು ಮಾಡಿದಿರಿ?" ಎಂದು ಶುರು ಮಾಡಿ ರಾತ್ರಿಯವರೆಗೂ ಬನ್ನಿ. ಹತ್ತು ನಿಮಿಷ ಹಿಡಿಯುತ್ತದೆ. ಈ ಹತ್ತು ನಿಮಿಷಕ್ಕೆ ಸಮನಾದದ್ದು ಬೇರೆ ಯಾವ ಪರೀಕ್ಷೆಯಲ್ಲೂ ನನಗೆ ಕಂಡಿಲ್ಲ.

ನಿದ್ದೆಯಲ್ಲೇ ಎಷ್ಟೋ ಸುಳಿವು ಸಿಗುತ್ತದೆ. ಆತಂಕದವರಿಗೆ ಮಲಗಿದ ಮೇಲೆ ನಿದ್ದೆ ಹತ್ತುವುದೇ ಕಷ್ಟ. ದೀಪ ಆರಿಸಿದ ಕೂಡಲೇ ನಾಳೆಯ ಲೆಕ್ಕಾಚಾರ ಶುರುವಾಗುತ್ತದೆ. ಖಿನ್ನತೆ ಗಾಢವಾಗಿದ್ದಾಗ ನಿದ್ದೆ ಬಂದರೂ ದಿನದ ಎಚ್ಚರಕ್ಕಿಂತ ಎರಡು ಗಂಟೆಯೋ ಇನ್ನೂ ಮೊದಲೋ ಕಣ್ಣು ತೆರೆಯುತ್ತದೆ, ಮತ್ತೆ ಮುಚ್ಚುವುದಿಲ್ಲ. ಬೆಳಗಿನ ಹೊತ್ತೇ ಅತಿ ಭಾರ, ಸಂಜೆಗೆ ಚೂರು ಹಗುರ ಅನ್ನಿಸುತ್ತದೆ. ಇನ್ನು ಕೆಲವರು ಖಿನ್ನತೆಯಲ್ಲಿ ಅತಿಯಾಗಿ ಮಲಗುತ್ತಾರೆ, ಅದನ್ನೂ ಕೇಳಿ. ತೂಕ ಎಷ್ಟು ಇಳಿದಿದೆ, ಮಾತು ಮತ್ತು ನಡಿಗೆ ನಿಧಾನವಾಗಿದೆಯಾ ಎಂಬುದನ್ನು ಮನೆಯವರಿಂದ ತಿಳಿದುಕೊಳ್ಳಿ. ತೂಕ ಇಳಿಯುವುದು, ಚಲನೆ ನಿಧಾನವಾಗುವುದು ಆತಂಕಕ್ಕಿಂತ ಖಿನ್ನತೆಯ ಕಡೆಗೇ ಹೆಚ್ಚು ತೋರಿಸುತ್ತವೆ.

ಜನರಿಂದ ದೂರ ಇರುವುದು ಎರಡರಲ್ಲೂ ಉಂಟು, ಕಾರಣ ಮಾತ್ರ ಬೇರೆ. "ಮದುವೆಗೆ ಯಾಕೆ ಹೋಗಲಿಲ್ಲ?" ಎಂದು ಕೇಳಿ ನೋಡಿ. "ಹೋಗಬೇಕು ಅಂತ ಆಸೆ ಇತ್ತು, ಎಲ್ಲರೂ ನನ್ನನ್ನೇ ನೋಡುತ್ತಾರೆ ಅಂತ ಭಯ ಆಯಿತು" ಅಂದರೆ ಅದು ಆತಂಕದ ಮಾತು. "ಹೋಗಿ ಏನಾಗಬೇಕು, ಯಾವುದೂ ಬೇಡ ಅನ್ನಿಸಿತು" ಅಂದರೆ ಖಿನ್ನತೆಯ ಮಾತು.

ಹಂತ 4: ಯೋಚನೆ ಯಾವ ಕಡೆ ಓಡುತ್ತದೆ

ಆತಂಕದ ಮನಸ್ಸು ಮುಂದಿನದ್ದನ್ನು ನೋಡುತ್ತಿರುತ್ತದೆ. "ಹಾಗಾಗಿಬಿಟ್ಟರೆ?" ಅನ್ನುವ ಪ್ರಶ್ನೆಗಳೇ ಜಾಸ್ತಿ. ಕೆಟ್ಟದ್ದು ಇನ್ನೂ ಆಗಿಲ್ಲ, ಆಗಬಹುದು, ತಡೆಯಬೇಕು ಅನ್ನುವ ಒದ್ದಾಟ. ಖಿನ್ನತೆಯ ಮನಸ್ಸು ಆಗಿಹೋದದ್ದನ್ನೇ ಮೆಲುಕು ಹಾಕುತ್ತದೆ. ಕಳೆದುಕೊಂಡದ್ದು, ಸೋತದ್ದು, ತನ್ನ ತಪ್ಪು. ಭವಿಷ್ಯದ ಮಾತು ಬಂದರೂ ಅಲ್ಲಿ ಪ್ರಶ್ನೆ ಇರುವುದಿಲ್ಲ, ತೀರ್ಪು ಇರುತ್ತದೆ: "ಇನ್ನು ಸರಿಹೋಗಲ್ಲ."

ಇದು ಮುಖ್ಯ, ಯಾಕೆಂದರೆ "ಮುಂದೇನು ಅನ್ನುವ ಚಿಂತೆ ಇದೆ" ಅಂದ ಕೂಡಲೇ ಆತಂಕ ಅಂತ ಬರೆದುಬಿಡುತ್ತೇವೆ. ಆ ಚಿಂತೆಯಲ್ಲಿ ಅನುಮಾನ ಇದೆಯೋ, ಕೆಟ್ಟದ್ದಾಗುವುದು ಖಂಡಿತ ಎಂಬ ನಂಬಿಕೆ ಇದೆಯೋ ಎಂದು ಇನ್ನೊಂದು ಪ್ರಶ್ನೆ ಕೇಳಬೇಕು. "ಚೆನ್ನಾಗಿ ಆಗುವ ಸಾಧ್ಯತೆಯೂ ಇದೆ ಅಂತ ಅನ್ನಿಸುತ್ತಾ?" ಆತಂಕದವರು ಸಾಮಾನ್ಯವಾಗಿ, "ಇದೆ, ಆದರೆ ಆಗದಿದ್ದರೆ ಅಂತಲೇ ಭಯ" ಅನ್ನುತ್ತಾರೆ. ಖಿನ್ನತೆಯವರು ಇಲ್ಲ ಎಂದು ತಲೆ ಅಲ್ಲಾಡಿಸುತ್ತಾರೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತನ್ನೂ ಗಮನಿಸಿ. "ನಾನು ಯಾರಿಗೂ ಬೇಡ", "ಮನೆಯವರಿಗೆ ನಾನೊಂದು ಹೊರೆ" ಅನ್ನುವ ಮಾತು ಬಂದರೆ ಖಿನ್ನತೆಯ ತೂಕ ಹೆಚ್ಚುತ್ತದೆ.

ಹಂತ 5: ಸಂತೋಷ ಪಡುವ ಶಕ್ತಿ ಉಳಿದಿದೆಯಾ?

1991ರಲ್ಲಿ ಲೀ ಆನಾ ಕ್ಲಾರ್ಕ್ ಮತ್ತು ಡೇವಿಡ್ ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಈ ಗೋಜಲಿಗೆ ಒಂದು ಸ್ಪಷ್ಟ ಚೌಕಟ್ಟು ಕೊಟ್ಟರು. ಸಂಕಟ, ಕಿರಿಕಿರಿ, ನೆಮ್ಮದಿ ಇಲ್ಲದಿರುವುದು ಎರಡಕ್ಕೂ ಸೇರಿದ್ದು. ಖಿನ್ನತೆಗೇ ವಿಶೇಷವಾದದ್ದು ಸಂತೋಷ, ಉತ್ಸಾಹ ಬತ್ತಿಹೋಗುವುದು. ಆತಂಕಕ್ಕೆ ವಿಶೇಷವಾದದ್ದು ಎದೆಬಡಿತ, ಉಸಿರುಗಟ್ಟುವುದು, ನಡುಕದಂಥ ದೇಹದ ಉದ್ರೇಕ. ಆಮೇಲೆ ಬಂದ ಅಧ್ಯಯನಗಳು ಇದಕ್ಕೆ ಎರಡು ತಿದ್ದುಪಡಿ ಸೇರಿಸಿದವು. ದೇಹದ ಉದ್ರೇಕ ಮುಖ್ಯವಾಗಿ ದಿಢೀರನೆ ಎರಗುವ ತೀವ್ರ ಗಾಬರಿಯಾದ ಪ್ಯಾನಿಕ್‌ಗೆ ಹೊಂದುತ್ತದೆ, ದಿನವಿಡೀ ಎಲ್ಲದಕ್ಕೂ ಚಿಂತಿಸುವ ಆತಂಕದ ಕಾಯಿಲೆಯಾದ ಜಿಎಡಿಗೆ (ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್) ಅಷ್ಟಾಗಿ ಅಲ್ಲ. ಸಾಮಾಜಿಕ ಆತಂಕ ಇರುವವರಲ್ಲೂ ಉತ್ಸಾಹ ಕಡಿಮೆ ಇರಬಹುದು. ಇಷ್ಟಾದರೂ ಕೆಲಸಕ್ಕೆ ಬರುವ ಚೌಕಟ್ಟು ಇದು.

ಕೇಳುವುದು ಹೇಗೆ? "ಖುಷಿಯಾಗಿದ್ದೀರಾ?" ಅಂದರೆ ಯಾರು ಹೌದು ಅಂತಾರೆ? ಅವರು ಮೊದಲು ಇಷ್ಟಪಡುತ್ತಿದ್ದ ಒಂದು ವಿಷಯ ಹಿಡಿಯಿರಿ. ಕ್ರಿಕೆಟ್, ಹಾಡು, ತೋಟ, ಏನಾದರೂ ಸರಿ. ಕೊನೆಯ ಸಲ ಅದನ್ನು ಮಾಡಿದ್ದು ಯಾವಾಗ? ಮಾಡುವಾಗ ಹೇಗನ್ನಿಸಿತು? ಆತಂಕ ಮಾತ್ರ ಇರುವವರಿಗೆ ಚಿಂತೆ ಒಂದು ಗಳಿಗೆ ಬಿಟ್ಟರೆ ಮೊದಲಿನ ರುಚಿ ಸಿಗುತ್ತದೆ. ಖಿನ್ನತೆ ಗಾಢವಾಗಿದ್ದಾಗ ಸಿಗುವುದಿಲ್ಲ, ಮಾಡಿದರೂ ಮುಗಿದರೆ ಸಾಕು ಅನ್ನಿಸುತ್ತದೆ. ಒಳ್ಳೆಯ ಸುದ್ದಿ ಬಂದಾಗ ಸ್ವಲ್ಪ ಹೊತ್ತು ಅರಳುವ ಖಿನ್ನತೆಯೂ ಇದೆ. ಹಾಗಾಗಿ ಒಮ್ಮೆ ನಕ್ಕರು ಅಂತ ಖಿನ್ನತೆ ಇಲ್ಲ ಎಂದು ಬರೆಯಬೇಡಿ.

ಹಂತ 6: ಕಾಗದದ ಮೇಲೆ ಕಾಲರೇಖೆ ಎಳೆಯಿರಿ

ಒಂದು ಹಾಳೆಯಲ್ಲಿ ಉದ್ದಕ್ಕೆ ಗೆರೆ ಎಳೆಯಿರಿ. ಎಡಗಡೆ ಬಾಲ್ಯ, ಬಲಗಡೆ ಇವತ್ತು. ಶಾಲೆ, ಕಾಲೇಜು, ಕೆಲಸ, ಮದುವೆ, ಹೆರಿಗೆ, ಸಾವು-ನೋವು, ಹೀಗೆ ಅವರಿಗೆ ನೆನಪಿರುವ ಘಟನೆಗಳನ್ನು ಗುರುತಿಸಿ. ಗೆರೆಯ ಮೇಲೆ ಚಿಂತೆ, ಭಯ ಇದ್ದ ಕಾಲ. ಕೆಳಗೆ ಮನಸ್ಸು ಕುಸಿದಿದ್ದ ಕಾಲ. ಅವರ ಮುಂದೆಯೇ ಬರೆಯಿರಿ, ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಆತಂಕದ ಕಾಯಿಲೆಗಳಲ್ಲಿ ಹೆಚ್ಚಿನವು ಬಾಲ್ಯ, ಹದಿಹರೆಯದಲ್ಲೇ ತಲೆಯೆತ್ತುತ್ತವೆ. ಒಬ್ಬರಿಗೇ ಎರಡೂ ಇದೆ ಅನ್ನಿಸಿದಾಗ, ಆತಂಕ ಮೊದಲು ಬಂದು ಖಿನ್ನತೆ ಆಮೇಲೆ ಸೇರಿಕೊಂಡಿರುವುದೇ ಹೆಚ್ಚು. "ಚಿಕ್ಕಂದಿನಿಂದಲೂ ಹೀಗೇ" ಅನ್ನುವ ಮಾತಿಗೆ ಬೆಲೆ ಕೊಡಿ. ಅದೇ ಐವತ್ತು ದಾಟಿದವರಲ್ಲಿ, ಹಿಂದೆಂದೂ ಇಲ್ಲದ ತೀವ್ರ ಆತಂಕ ಹೊಸದಾಗಿ ಶುರುವಾಗಿದ್ದರೆ, ಒಳಗೆ ಖಿನ್ನತೆಯೋ ದೇಹದ ಕಾಯಿಲೆಯೋ ಇದೆಯಾ ಎಂದು ಎರಡೆರಡು ಸಲ ನೋಡಿ.

ಇದೇ ಗೆರೆಯ ಮೇಲೆ ಮೂರನೆಯ ವಿಷಯವನ್ನೂ ಹುಡುಕಬೇಕು: ಮನಸ್ಸು ಅತಿಯಾಗಿ ಏರಿದ್ದ ಕಾಲ. ಕಡಿಮೆ ನಿದ್ದೆ ಮಾಡಿದರೂ ದಣಿವಿಲ್ಲ, ಮಾತು ಜಾಸ್ತಿ, ಖರ್ಚು ಜಾಸ್ತಿ, ತಾನು ಏನು ಬೇಕಾದರೂ ಮಾಡಬಲ್ಲೆ ಅನ್ನುವ ಹುಮ್ಮಸ್ಸು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-5ರ ಪ್ರಕಾರ ಇದು ಸತತ 4 ದಿನವಾದರೂ ಇದ್ದರೆ ಹೈಪೋಮೇನಿಯಾ, 7 ದಿನ ಇದ್ದರೆ ಅಥವಾ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಮೇನಿಯಾ. ಹೀಗಿದ್ದರೆ ಇಡೀ ಲೆಕ್ಕ ಬದಲಾಗುತ್ತದೆ. ಅದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಏರಿ ಒಮ್ಮೆ ಕುಸಿಯುವ ಕಾಯಿಲೆ. ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಮನಸ್ಸು ಮತ್ತೆ ಏರಿಬಿಡಬಹುದು. ಈ ಏರಿಕೆ ತಮಗೆ ತೊಂದರೆ ಅಂತ ಅನ್ನಿಸದ ಕಾರಣ ಅವರೇ ಹೇಳುವುದಿಲ್ಲ. ಮನೆಯವರನ್ನು ಕೇಳಿ.

ಹಂತ 7: ಈಗ ಮಾನದಂಡಕ್ಕೆ ಹೊಂದಿಸಿ

ಇಷ್ಟಾದ ಮೇಲೆ ಎಣಿಕೆ. ಡಿಎಸ್‌ಎಂ-5 2013ರಲ್ಲಿ ಬಂತು, ಪರಿಷ್ಕೃತ ರೂಪ 2022ರಲ್ಲಿ. ಅದರ ಪ್ರಕಾರ ಖಿನ್ನತೆಗೆ 9 ಲಕ್ಷಣಗಳಲ್ಲಿ 5, ಕನಿಷ್ಠ 2 ವಾರ. ಅದರಲ್ಲಿ ಕುಸಿದ ಮನಸ್ಸು ಅಥವಾ ಆಸಕ್ತಿ ಕಳೆದುಕೊಳ್ಳುವುದು ಇರಲೇಬೇಕು. ಜಿಎಡಿಗೆ ಹಲವು ವಿಷಯಗಳ ಬಗ್ಗೆ ಅತಿಯಾದ, ಹಿಡಿತಕ್ಕೆ ಸಿಗದ ಚಿಂತೆ, 6 ತಿಂಗಳು, ಜೊತೆಗೆ 6 ಲಕ್ಷಣಗಳಲ್ಲಿ 3. ಆ ಆರು ಯಾವುವು ಅಂದರೆ ಚಡಪಡಿಕೆ, ಬೇಗ ಸುಸ್ತಾಗುವುದು, ಗಮನ ನಿಲ್ಲದಿರುವುದು, ಸಿಟ್ಟು, ಮಾಂಸಖಂಡಗಳ ಬಿಗಿತ, ನಿದ್ದೆಯ ತೊಂದರೆ. ಇವುಗಳಲ್ಲಿ ಖಿನ್ನತೆಯ ಪಟ್ಟಿಗೆ ಸೇರದೆ ಉಳಿಯುವುದು ಬಿಗಿತ ಮತ್ತು ಸಿಟ್ಟು ಮಾತ್ರ. ಸಿಟ್ಟೂ ಖಿನ್ನತೆಯಲ್ಲಿ ಸಾಮಾನ್ಯ, ಮಕ್ಕಳಲ್ಲಂತೂ ಅದೇ ಮುಖ್ಯ ಲಕ್ಷಣ ಇರಬಹುದು. ಹಾಗಾಗಿ ಕುತ್ತಿಗೆ, ಭುಜ, ದವಡೆ ಸದಾ ಬಿಗಿದಿರುತ್ತದೆಯಾ ಅಂತ ಬೇರೆಯಾಗಿ ಕೇಳಿ.

ಒಂದು ನಿಯಮವನ್ನು ಮರೆಯಬಾರದು. ಚಿಂತೆ ಖಿನ್ನತೆಯ ಅವಧಿಯಲ್ಲಿ ಮಾತ್ರ ಇದ್ದರೆ ಜಿಎಡಿ ಅಂತ ಬೇರೆ ಹೆಸರು ಸೇರಿಸುವುದಿಲ್ಲ. "ಆತಂಕಭರಿತ ಖಿನ್ನತೆ" ಎಂದು ವಿವರಣೆ ಸೇರಿಸುತ್ತೇವೆ. ಅದಕ್ಕೆ ಐದರಲ್ಲಿ ಎರಡಾದರೂ ಬೇಕು: ಒಳಗೆ ಬಿಗಿತ, ಅಸಹಜ ಚಡಪಡಿಕೆ, ಚಿಂತೆಯಿಂದ ಗಮನ ತಪ್ಪುವುದು, ಏನೋ ಭಯಂಕರ ಆಗಲಿದೆ ಎಂಬ ಭಯ, ಹಿಡಿತ ತಪ್ಪಿಹೋಗುತ್ತೇನೆ ಎಂಬ ಭಾವ. ಪ್ಯಾನಿಕ್ ಅಟ್ಯಾಕ್ ಕೂಡ ಹೀಗೆಯೇ. ಖಿನ್ನತೆಯ ನಡುವೆ ಒಂದೆರಡು ಅಟ್ಯಾಕ್ ಬಂದ ಮಾತ್ರಕ್ಕೆ ಪ್ಯಾನಿಕ್ ಕಾಯಿಲೆ ಆಗುವುದಿಲ್ಲ. ಕಾರಣವಿಲ್ಲದೆ ಮತ್ತೆ ಮತ್ತೆ ಬಂದು, ಇನ್ನೊಂದು ಬರುತ್ತದೆ ಎಂಬ ಭಯವೋ ಅದಕ್ಕಾಗಿ ನಡವಳಿಕೆ ಬದಲಿಸಿಕೊಳ್ಳುವುದೋ ಒಂದು ತಿಂಗಳಾದರೂ ಇರಬೇಕು.

2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವಾದ ಐಸಿಡಿ-11ರಲ್ಲಿ ಪಟ್ಟಿ ಸ್ವಲ್ಪ ಬೇರೆ. ಖಿನ್ನತೆಗೆ 10 ಲಕ್ಷಣಗಳಲ್ಲಿ 5, ಹತಾಶೆ ಅಲ್ಲಿ ಹೊಸದಾಗಿ ಸೇರಿದೆ. ಜಿಎಡಿಗೆ "ಹಲವು ತಿಂಗಳು" ಸಾಕು. ಎರಡರ ಲಕ್ಷಣವೂ ಇದ್ದು, ಯಾವುದೂ ಪೂರ್ತಿ ಮಟ್ಟ ಮುಟ್ಟದವರಿಗೆ "ಮಿಶ್ರ ಖಿನ್ನತೆ ಮತ್ತು ಆತಂಕ" ಎಂಬ ಹೆಸರಿದೆ. ತಿಳಿಯಲಿಲ್ಲ ಅಂತ ಕೈಚೆಲ್ಲಿ ಈ ಹೆಸರು ಬರೆಯುವುದು ಸರಿಯಲ್ಲ.

ಹಂತ 8: ಪ್ರಶ್ನಾವಳಿಗಳ ಮಿತಿ

ಪಿಎಚ್‌ಕ್ಯೂ-9 ಖಿನ್ನತೆಗೆ, ಗರಿಷ್ಠ 27 ಅಂಕ. ಜಿಎಡಿ-7 ಆತಂಕಕ್ಕೆ, ಗರಿಷ್ಠ 21. ಯಾವುದರಲ್ಲಾದರೂ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾಗಿ ನೋಡಬೇಕು. ಎರಡೂ ಕೇಳುವುದು ಕಳೆದ 2 ವಾರದ ಬಗ್ಗೆ. ಹಾಗಾಗಿ ತೀವ್ರತೆ ಗೊತ್ತಾಗುತ್ತದೆ, ಕಾಲಕ್ರಮ ಗೊತ್ತಾಗುವುದಿಲ್ಲ. ಬಹಳ ಜನರಿಗೆ ಎರಡರಲ್ಲೂ ಅಂಕ ಜಾಸ್ತಿಯೇ ಬರುತ್ತದೆ. ಯಾವುದರಲ್ಲಿ ಜಾಸ್ತಿಯೋ ಅದೇ ಕಾಯಿಲೆ ಅನ್ನುವ ಲೆಕ್ಕ ತಪ್ಪು. ಒಟ್ಟು ಅಂಕಕ್ಕಿಂತ ಮೊದಲು ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆಯ ಉತ್ತರ ನೋಡಿ, ಅದು ಸಾವಿನ ಯೋಚನೆಯದ್ದು.

ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡೋಣ

ಇವು ಕಲಿಕೆಗಾಗಿ ಕಟ್ಟಿದ ಉದಾಹರಣೆಗಳು.

ನಲವತ್ತೈದರ ಶಿಕ್ಷಕರು. ಮೂರು ತಿಂಗಳಿಂದ ಎದೆ ಡವಡವ, ಗಾಬರಿ. ಇಸಿಜಿ, ಥೈರಾಯ್ಡ್ ಸರಿ ಇವೆ. ಜಿಎಡಿ-7ರಲ್ಲಿ 17, ಪಿಎಚ್‌ಕ್ಯೂ-9ರಲ್ಲಿ 16. ಅಂಕ ನೋಡಿದರೆ ಆತಂಕವೇ ಮುಂದೆ. ದಿನ ಬಿಡಿಸಿ ಕೇಳಿದಾಗ ಬೆಳಗಿನ ನಾಲ್ಕಕ್ಕೆ ಎಚ್ಚರ. ದಿನವೂ ಚೆಸ್ ಆಡುತ್ತಿದ್ದವರು ಎರಡು ತಿಂಗಳಿಂದ ಮಣೆ ಮುಟ್ಟಿಲ್ಲ. ಗೆಳೆಯ ಬಂದು ಬಲವಂತ ಮಾಡಿದಾಗ ಆಡಿದರು, "ಯಾವಾಗ ಮುಗಿಯುತ್ತೋ ಅನ್ನಿಸ್ತಿತ್ತು." ಚಿಂತೆ ಏನು? "ಮಕ್ಕಳಿಗೆ ಸರಿಯಾಗಿ ಪಾಠ ಮಾಡಲಿಲ್ಲ, ಅವರ ಭವಿಷ್ಯ ಹಾಳು ಮಾಡಿದೆ." ತೂಕ ಇಳಿದಿದೆ. ಹೆಂಡತಿಯ ಮಾತು: "ಇವರು ಮೊದಲು ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವವರೇ ಅಲ್ಲ." ಚಿಂತೆ ಖಿನ್ನತೆಯ ಜೊತೆಗೇ ಬಂದಿದೆ. ಇದು ಆತಂಕಭರಿತ ಖಿನ್ನತೆ.

ಇಪ್ಪತ್ನಾಲ್ಕರ ವಿದ್ಯಾರ್ಥಿನಿ. "ನನಗೆ ಡಿಪ್ರೆಶನ್ ಆಗಿದೆ" ಎಂದೇ ಬಂದಿದ್ದಾರೆ. ಅಳು, ಸುಸ್ತು, ಕುತ್ತಿಗೆ ನೋವು. ನಿದ್ದೆ ಹತ್ತುವುದು ರಾತ್ರಿ ಎರಡಕ್ಕೆ. ಶಾಲೆಯಲ್ಲಿದ್ದಾಗಲೂ ಪರೀಕ್ಷೆ, ಅಪ್ಪನ ಆರೋಗ್ಯ, ಬಸ್ ತಪ್ಪುವುದು, ಎಲ್ಲದಕ್ಕೂ ಚಿಂತೆ. ಫಲಿತಾಂಶ ಬಂದ ಮೇಲೆ ಎರಡು ದಿನ ಹಗುರ, ಮೂರನೇ ದಿನ ಮುಂದಿನ ಚಿಂತೆ. ಗೆಳತಿಯ ಜೊತೆ ಕೂತರೆ ಈಗಲೂ ಮನಸಾರೆ ನಗುತ್ತಾರೆ. ಅಳು ಬರುವುದು ಚಿಂತಿಸಿ ಚಿಂತಿಸಿ ಸಾಕಾದಾಗ. ಇವರಿಗಿರುವುದು ಜಿಎಡಿ. ಆದರೆ ಖಿನ್ನತೆ ಮುಂದೆ ಸೇರಿಕೊಳ್ಳಬಹುದಾದ್ದರಿಂದ ಪ್ರತಿ ಭೇಟಿಯಲ್ಲೂ ಅದನ್ನು ಕೇಳುತ್ತಿರಬೇಕು.

ಎರಡೂ ನಿಜವಾಗಿ ಇದ್ದರೆ

ಇದು ಅಪರೂಪವಲ್ಲ. ಖಿನ್ನತೆ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬದುಕಿನ ಒಂದಲ್ಲ ಒಂದು ಹೊತ್ತಿನಲ್ಲಿ ಆತಂಕದ ಕಾಯಿಲೆಯೂ ಇರುತ್ತದೆ. ಕಾಲರೇಖೆಯಲ್ಲಿ ಎರಡಕ್ಕೂ ಸ್ವಂತ ಜಾಗ ಇದ್ದರೆ ಎರಡೂ ಹೆಸರನ್ನು ಬರೆಯಿರಿ. ಒಂದನ್ನೇ ಆರಿಸಬೇಕು ಅನ್ನುವ ಹಟ ಬೇಡ. ಸಾಮಾನ್ಯವಾಗಿ ಮೊದಲ ಗಮನ ಖಿನ್ನತೆಗೆ, ಯಾಕೆಂದರೆ ಜೀವಕ್ಕೆ ಅಪಾಯ ಅದರಲ್ಲಿ ಹೆಚ್ಚು. ಆತಂಕ ಜೊತೆಗಿದ್ದಾಗ ಎಸ್‌ಎಸ್‌ಆರ್‌ಐಯನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ, ಮೊದಲ ದಿನಗಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಾಗಬಹುದು ಎಂದು ಮೊದಲೇ ಹೇಳಿ. ಹೇಳದಿದ್ದರೆ ಎರಡನೇ ದಿನವೇ ಮಾತ್ರೆ ಬಿಟ್ಟುಬಿಡುತ್ತಾರೆ. 25 ವರ್ಷದೊಳಗಿನವರನ್ನು ಶುರುವಿನ ವಾರಗಳಲ್ಲಿ ಬೇಗ ಬೇಗ ಕರೆಸಿ ನೋಡಬೇಕು, ಆ ವಯಸ್ಸಿನಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆ ಇದೆ.

ಒಂದೇ ಭೇಟಿಯಲ್ಲಿ ಖಚಿತವಾಗದಿದ್ದರೆ ಫೈಲಿನಲ್ಲಿ "ತಾತ್ಕಾಲಿಕ" ಎಂದು ಬರೆದು, ಯಾವ ಪ್ರಶ್ನೆಗೆ ಉತ್ತರ ಬಾಕಿ ಇದೆ ಎಂಬುದನ್ನೂ ಬರೆಯಿರಿ. ನಾಲ್ಕರಿಂದ ಆರು ವಾರದ ಚಿಕಿತ್ಸೆಯ ನಂತರ ಅದೇ ಕಾಲರೇಖೆಯ ಹಾಳೆ ತೆಗೆದು ಮತ್ತೆ ಕುಳಿತುಕೊಳ್ಳಿ. ಮನಸ್ಸು ಮೇಲೆದ್ದು ಚಿಂತೆಯೂ ಜೊತೆಗೇ ಹೋಗಿದ್ದರೆ ಅದು ಖಿನ್ನತೆಯದೇ ಭಾಗವಾಗಿತ್ತು. ಮನಸ್ಸು ಹಗುರಾಗಿ, ಆಸಕ್ತಿ ಮರಳಿ, ನಿದ್ದೆ ಬಂದ ಮೇಲೂ ಚಿಂತೆ ತಿಂಗಳುಗಟ್ಟಲೆ ಹಾಗೇ ಉಳಿದರೆ ಆತಂಕದ ಕಾಯಿಲೆಯ ಹೆಸರನ್ನು ಸೇರಿಸಿ, ಅದರ ಚಿಕಿತ್ಸೆಯನ್ನೂ ಶುರು ಮಾಡಿ.